ಅಂತರಪಟಕ್ಕೆ ಹಿಡಿದ ಮಸಿ

1999ನೇ ಇಸವಿ ಫೆಬ್ರವರಿ ಹನ್ನೊಂದು, ಗುರುವಾರ, ಬೆಳಿಗ್ಗೆ ಆರೂಕಾಲು ಗಂಟೆ. ಸ್ಥಳ, ಯಲ್ಲಾಪುರದ ನಮ್ಮ ಮನೆಯ ಬಚ್ಚಲು. ಹಾಜರಿದ್ದವರು ಇಬ್ಬರು: ನಾನು ಮತ್ತು ನನ್ನ ಹೆಂಡತಿ ಸಾವಿತ್ರಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನಿಗೆ ಹಾಜರಿ ಹಾಕದೆ ಯಾವ ಸಂಗತಿಯನ್ನೂ ಶುರುಮಾಡಲು ಬರುವುದಿಲ್ಲ, ಕ್ಷಮಿಸಬೇಕು.

ಏಣಿ ಹತ್ತಿ, ಬಚ್ಚಲೊಲೆಯ ಮೇಲಿನ ಅಟ್ಟದಿಂದ ಬೆತ್ತದ ಪೆಟ್ಟಿಗೆಯೊಂದನ್ನು ಇಳಿಸಿದೆ. ಅದಕ್ಕೆ ನನ್ನದೇ ಅಕ್ಷರದ ಚೀಟಿ ಕಟ್ಟಿತ್ತು. ಒಳಗೇನಿದೆ, ಇಟ್ಟದ್ದು ಯಾವತ್ತು, ತೆಗೆಯಬೇಕಾದ್ದು ಯಾವತ್ತು, ಎಲ್ಲವೂ ಅದರಲ್ಲಿತ್ತು. ಹೇಳಿದ ದಿನಕ್ಕೆ ಸರಿಯಾಗಿ ತೆಗೆದಿದ್ದೆ. ಆ ಹೆಮ್ಮೆಯಲ್ಲೇ ಮುಚ್ಚಳ ಎತ್ತಿದೆ. ಇಡುವಾಗ ಹಾಲಿನ ಬಣ್ಣದ್ದಾಗಿದ್ದ ಪಟ್ಟೆಯ, ಅಂದರೆ ರೇಷ್ಮೆಯ, ಬಟ್ಟೆ ಈಗ ಗಟ್ಟಿ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಪೆಟ್ಟಿಗೆಯ ಹೆಣಿಗೆ ಎಲ್ಲೆಲ್ಲಿ ಬಿರುಕು ಬಿಟ್ಟಿತ್ತೋ ಅಲ್ಲೆಲ್ಲ ಕಪ್ಪು ಗೆರೆ ಎಳೆದಂತಿತ್ತು. ಬೆತ್ತದ ನೇಯ್ಗೆಯ ಚಿತ್ರ ಬಟ್ಟೆಯ ಮೇಲೆ ಅಚ್ಚಾಗಿ ಕೂತಿತ್ತು. ಮೊದಲ ಕ್ಷಣ, ಎಷ್ಟು ಚೆನ್ನಾಗಿ ಮೂಡಿದೆ ಅನ್ನಿಸಿತು. ಎರಡನೆಯ ಕ್ಷಣ ಮುಚ್ಚಳ ಮತ್ತೆ ಮುಚ್ಚಿ ಚೀಟಿಯನ್ನು ಇನ್ನೊಮ್ಮೆ ಓದಿದೆ.

ಆ ಬಟ್ಟೆ ನಮ್ಮದಲ್ಲ. ಅಥವಾ ನಮ್ಮದೊಬ್ಬರದೇ ಅಲ್ಲ. ಒಂದೇ ಬೇರಿನ ಐದು ಮನೆಗಳು ನಮ್ಮವು. ಶಿರಸಿಯಲ್ಲಿ ಎರಡು, ಮತ್ತಿಘಟ್ಟದಲ್ಲಿ ಒಂದು, ಸಿದ್ದಾಪುರದಲ್ಲಿ ಒಂದು, ಯಲ್ಲಾಪುರದ ನಮ್ಮದೊಂದು. ಐದೂ ಮನೆಗೆ ಸೇರಿ ಇರುವುದು ಒಂದೇ ಅಂತರಪಟ. ಮುಹೂರ್ತದ ಗಳಿಗೆಯವರೆಗೆ ಮದುಮಗ ಮದುಮಗಳ ನಡುವೆ ಇಬ್ಬರು ಎತ್ತಿ ಹಿಡಿಯುವ ಪರದೆ ಅದು. ಯಾರ ಮನೆಯಲ್ಲಿ ಕೊನೆಯ ಮದುವೆ ಆಯಿತೋ ಅವರು ಮುಂದಿನ ಮದುವೆಯವರೆಗೆ ಅದನ್ನು ಕಾಯ್ದಿಡಬೇಕು, ಇದು ಕಟ್ಟಳೆ. ಹಿಂದಿನ ಬೇಸಿಗೆಯಲ್ಲಿ ನಮ್ಮ ಮಗಳ ಮದುವೆಯಾಗಿತ್ತು. ಹಾಗಾಗಿ ಮಳೆಗಾಲವಿಡೀ ಅದು ನನ್ನ ಸುಪರ್ದಿಯಲ್ಲಿತ್ತು. ಈಗ ಶನಿವಾರಕ್ಕೆ ಶಿರಸಿಯ ಮನೆಯ ನಾಗವೇಣಿಯ ಮದುವೆ. ಗುರುವಾರವೇ ಬಟ್ಟೆ ತಲುಪಿಸುತ್ತೇನೆಂದು ಮಾತು ಕೊಟ್ಟಿದ್ದೆ.

ಇಷ್ಟೇ ಆಗಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಆ ಬಟ್ಟೆ ನಾಗವೇಣಿಯ ಅಜ್ಜಿ ಮಾದೇವಿ ದೊಡ್ಡಮ್ಮನ ಧಾರೆ ಸೀರೆಯ ಅರ್ಧ. ಬಹಳ ಹಿಂದೆ, ಯಾರದೋ ಮದುವೆಯ ಬೆಳಿಗ್ಗೆ ಹಳೆಯ ಅಂತರಪಟ ತೆಗೆದು ನೋಡಿದರೆ ಇಲಿ ತಿಂದು ಜಾಳಿಗೆ ಮಾಡಿತ್ತಂತೆ. ಗಂಡಸರೆಲ್ಲ ಪೇಟೆಗೆ ಯಾರನ್ನು ಓಡಿಸುವುದು ಎಂದು ಚರ್ಚೆ ನಡೆಸುತ್ತಿದ್ದಾಗ ದೊಡ್ಡಮ್ಮ ತನ್ನ ಟ್ರಂಕು ತೆಗೆದು, ಧಾರೆ ಸೀರೆಯನ್ನು ಎರಡು ಮಾಡಿ, ಒಂದು ತುಂಡಿನ ಅಂಚು ಹೊಲಿದು ತಂದುಕೊಟ್ಟಳಂತೆ. ಅಂದಿನಿಂದ ಐದೂ ಮನೆಯ ಮಕ್ಕಳು ಆ ಸೀರೆಯ ಹಿಂದೆಯೇ ಮದುವೆಯಾದದ್ದು, ನಾನೂ ಸೇರಿದಂತೆ. ಈಗ ಅವಳ ಸ್ವಂತ ಮೊಮ್ಮಗಳ ಸರದಿ. ಆದರೆ ದೊಡ್ಡಮ್ಮನ ಸೊಸೆ, ನಾಗವೇಣಿಯ ತಾಯಿ ಶೈಲಾ, ವ್ಯವಹಾರ ತಿಳಿದವಳು, ಪೇಟೆಯಿಂದ ಹೊಸದೊಂದನ್ನು ತಂದಿಟ್ಟಿದ್ದಾಳೆ ಎಂಬ ಸುದ್ದಿ ಫೋನಿನಲ್ಲಿ ಬಂದಿತ್ತು. ಮಿಂಚುವ ಚಮಕಿ, ನಡುವೆ ಮಣಿಗಳಲ್ಲಿ ಗಣಪತಿ. ಹಳೆಯದು ಚೆನ್ನಾಗಿದ್ದರೆ ಹಳೆಯದು, ಇಲ್ಲದಿದ್ದರೆ ಹೊಸದು ಎಂದಿದ್ದಳು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊಸದು ಒಮ್ಮೆ ಮೇಲೆದ್ದರೆ ಹಳೆಯದು ಇನ್ನು ಯಾವ ಮದುವೆಗೂ ಏಳುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ದೊಡ್ಡಮ್ಮನಿಗೂ ಗೊತ್ತಿತ್ತು.

ಹೊಗೆಯಲ್ಲಿ ಯಾಕೆ ಇಟ್ಟೆ ಎಂದು ಬಯಲುಸೀಮೆಯ ಓದುಗರು ಕೇಳಬಹುದು. ನಮ್ಮ ಕಡೆಯವರು ಕೇಳುವುದಿಲ್ಲ. ಇಲ್ಲಿ ಮಳೆಗಾಲದ ಬೂಸಲು, ಅಂದರೆ ಬೂಷ್ಟು, ಎಂಬ ರೋಗಕ್ಕೆ ಹೊಗೆ ಎಂಬ ಒಬ್ಬನೇ ವೈದ್ಯ. ಬೀಜದ ಸೌತೆ, ಮುರುಗಲ ಸಿಪ್ಪೆ, ಕಾಳುಮೆಣಸು, ಬುಟ್ಟಿ, ಕಂಬಳಿ, ಯಾವುದು ಕೆಡಬಾರದೋ ಅದು ಒಲೆಯ ಮೇಲಿನ ಅಟ್ಟಕ್ಕೆ. ನನ್ನ ಅಮ್ಮ ಜಾತಕದ ಕಟ್ಟನ್ನೂ ಅಲ್ಲೇ ಇಡುತ್ತಿದ್ದಳು. ನಮ್ಮೆಲ್ಲರ ಭವಿಷ್ಯಕ್ಕೂ ಸ್ವಲ್ಪ ಹೊಗೆ ವಾಸನೆ ಇದೆ. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ತಿಳಿಯಬೇಕು ಎಂದು ತರ್ಕಶಾಸ್ತ್ರದವರು ಹೇಳಿಟ್ಟಿದ್ದಾರೆ. ಹೊಗೆ ಇದ್ದಲ್ಲಿ ಬಟ್ಟೆ ಇಡಬಾರದು ಎಂದು ಅವರೂ ಹೇಳಲಿಲ್ಲ, ಅಮ್ಮನೂ ಹೇಳಲಿಲ್ಲ.

ಹೇಳಬೇಕಾದ ಅಗತ್ಯ ಅಮ್ಮನಿಗೆ ಇರಲಿಲ್ಲ. ಅವಳ ಕಾಲದಲ್ಲಿ ಅಟ್ಟ ಇದ್ದದ್ದು ಅಡುಗೆಮನೆಯಲ್ಲಿ. ಎತ್ತರದ ಅಟ್ಟ, ಒಣಕಟ್ಟಿಗೆಯ ಹೊಗೆ, ಮೇಲೆ ಹೋಗುವಷ್ಟರಲ್ಲಿ ಆರಿ, ಸೋಸಿ, ಸಾಧುವಾಗಿರುತ್ತಿತ್ತು. ನಮ್ಮ ಮನೆಗೆ ಎರಡು ವರ್ಷದ ಹಿಂದೆ ಗ್ಯಾಸ್ ಒಲೆ ಬಂತು. ಅಡುಗೆಮನೆಯ ಅಟ್ಟಕ್ಕೆ ಹೊಗೆ ಬರುವುದು ನಿಂತಿತು. ಆಗ ನಾನು ಸಾಮಾನುಗಳನ್ನೆಲ್ಲ ಪಟ್ಟಿಮಾಡಿ ಬಚ್ಚಲಿನ ಅಟ್ಟಕ್ಕೆ ವರ್ಗಾವಣೆ ಮಾಡಿದೆ. ಬಚ್ಚಲಿನ ಅಟ್ಟವೋ ಏಣಿಯ ಎರಡೇ ಮೆಟ್ಟಿಲಿಗೆ ಕೈಗೆಟಕುವಷ್ಟು ಗಿಡ್ಡ. ಒಲೆಗೆ ಹಾಕುವುದು ಹಸಿ ಕಟ್ಟಿಗೆ, ತೆಂಗಿನ ಸಿಪ್ಪೆ. ಜೊತೆಗೆ ಹಂಡೆಯಿಂದ ಏಳುವ ಹಬೆ. ಹೊಗೆಯೂ ಹಬೆಯೂ ಕೂಡಿದರೆ ಆಗುವುದು ಡಾಂಬರಿನ ತಮ್ಮ. ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದೆ, ಒಲೆ ಬದಲಾಗಿದ್ದನ್ನು ಮಾತ್ರ ಮರೆತಿದ್ದೆ. ಶಿಸ್ತಿನ ಮನುಷ್ಯರು ಮಾಡುವ ತಪ್ಪುಗಳೆಲ್ಲ ಹೀಗೇ ಇರುತ್ತವೆ ಎಂದು ಈಗ ಅನ್ನಿಸುತ್ತದೆ. ತಪ್ಪನ್ನು ಕೂಡ ತಾರೀಖು ಹಾಕಿ ಮಾಡಿರುತ್ತಾರೆ.

ಸಾವಿತ್ರಿ ಬಟ್ಟೆಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. ಎರಡಕ್ಕೂ ಒಂದೇ ಮುಖಭಾವ. ಮುಟ್ಟಬೇಡಿ, ಮೊದಲು ಯಾರನ್ನಾದರೂ ಕೇಳೋಣ ಎಂದು ಹೇಳಿ ಕಾಫಿ ಮಾಡಲು ಹೋದಳು. ಅವಳು ಕಾಫಿ ಸೋಸುವಷ್ಟರಲ್ಲಿ ನಾನು ಬಟ್ಟೆಯ ಒಂದು ಮೂಲೆಯನ್ನು ಬಿಸಿನೀರಿಗೆ ಅದ್ದಿ, ಸಾಬೂನಿನ ಪುಡಿ ಉದುರಿಸಿ, ಬ್ರಶ್ಶಿನಿಂದ ಇಪ್ಪತ್ತು ಸಲ ಉಜ್ಜಿದ್ದೆ. ಶಾಲೆಯ ಬಿಳಿ ಕ್ಯಾನ್ವಾಸ್ ಬೂಟುಗಳನ್ನು ನಾನು ಮಕ್ಕಳಿಂದ ಹೊಳೆಯಿಸುತ್ತಿದ್ದದ್ದು ಹಾಗೆ. ಬೂಟಿಗೆ ಸಂದದ್ದು ಪಟ್ಟೆಗೆ ಸಲ್ಲಲಿಲ್ಲ. ಮೇಲೆ ಕೂತಿದ್ದ ಮಸಿ ನೂಲಿನ ಒಳಗೆ ಇಳಿಯಿತು. ಕಂದು ಇದ್ದದ್ದು ಬೂದುಗಪ್ಪಾಯಿತು. ಸಾವಿತ್ರಿ ಲೋಟ ಹಿಡಿದು ಬಂದವಳು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಪಟ್ಟೆಯಿಂದ ಮಸಿ ತೆಗೆಯಲು ಬಲ್ಲವರು ನಮ್ಮ ಬಳಗದಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಹೋಮಕ್ಕೆ ಕೂತವರ ಮಡಿಗಳು, ದೇವರ ಮನೆಯ ಪರದೆ, ನಂದಾದೀಪದ ಹೊಗೆ ಹತ್ತಿದ ಶಾಲು, ಇವುಗಳನ್ನೆಲ್ಲ ಹಿಂದೆ ಯಾರ ಹತ್ತಿರ ಕಳಿಸುತ್ತಿದ್ದರು? ಸಾವಿತ್ರಿ ಲೋಟವನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಹೇಳಿದಳು:

"ಒಬ್ಬಳೇ ಇದ್ದು. ಮಾದೇವಿ ದೊಡ್ಡಮ್ಮ."

ಯಾರಿಗೆ ಈ ಬಟ್ಟೆ ಕಾಣಬಾರದಾಗಿತ್ತೋ ಅವಳೇ.

ಎಂಟರ ಬಸ್ಸಿಗೆ ಶಿರಸಿಗೆ ಹೊರಟೆ. ಬಟ್ಟೆಯನ್ನು ಒಗೆದ ಪಂಚೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮೂರು ಅಂಶಗಳಲ್ಲಿ ಜೋಡಿಸಿದೆ. ಮೊದಲನೆಯದು ಸದುದ್ದೇಶ, ಎರಡನೆಯದು ಹವಾಮಾನ, ಮೂರನೆಯದು ಕ್ಷಮೆ. ಪಕ್ಕದಲ್ಲಿ ಕೂತವರೊಬ್ಬರು ಮೂಗು ಅರಳಿಸಿ, ಎಲ್ಲೋ ಏನೋ ಸುಡುತ್ತಾ ಇದೆ ಎಂದು ಕಂಡಕ್ಟರನಿಗೆ ಹೇಳಿದರು. ಕಂಡಕ್ಟರ್ ಬಗ್ಗಿ ಸೀಟಿನ ಅಡಿ ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ.

ಶಿರಸಿಯ ಮನೆಯಲ್ಲಿ ಅವತ್ತು ಮದುವೆಗೆ ಮುಂಚಿನ ದೇವಕಾರ್ಯ. ಅಂಗಳದ ಒಲೆಯ ಹತ್ತಿರ ಅಡುಗೆಯ ಗಣಪತಿ ಭಟ್ಟರು ಹೋಳಿಗೆಗೆ ತಯಾರಿ ನಡೆಸಿದ್ದರು. ಹೆಂಗಸರು ಹೂ ಕಟ್ಟುತ್ತಿದ್ದರು. ದೊಡ್ಡಮ್ಮ ಹಿತ್ತಿಲ ಜಗಲಿಯಲ್ಲಿ ಒಬ್ಬಳೇ ಕೂತು ಬಾಳೆನಾರು ಸೀಳುತ್ತಿದ್ದಳು. ಎಂಬತ್ತು ದಾಟಿದ ಸಣ್ಣ ಜೀವ, ಬೆನ್ನು ಮಾತ್ರ ನೆಟ್ಟಗೆ. ನಾನು ಪಕ್ಕದಲ್ಲಿ ಕೂತು ಮೊದಲನೆಯ ಅಂಶಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವಳು ಗಂಟನ್ನು ಮೂಗಿನ ಹತ್ತಿರ ತಂದಳು.

"ಇದು ಅಡುಗೆಮನೆ ಹೊಗೆ ಅಲ್ಲ, ತಮಾ. ಬಚ್ಚಲದ್ದು. ತೆಂಗಿನ ಸಿಪ್ಪೆ ಹಾಕ್ತ್ರಿ ನಿಂಗ."

ಈ ವಯಸ್ಸಿನಲ್ಲೂ ನಾನು ಅವಳಿಗೆ ತಮ, ಅಂದರೆ ಹುಡುಗ. ಮೂರೂ ಅಂಶಗಳು ಅಲ್ಲೇ ಮುಗಿದವು. ಗಂಟು ಬಿಚ್ಚಿ ಅವಳು ತನ್ನ ಸೀರೆಯನ್ನು ಮಡಿಲಲ್ಲಿ ಹರಡಿಕೊಂಡಳು. ಮುಖದಲ್ಲಿ ಏನೂ ಕಾಣಲಿಲ್ಲ. ಬೆರಳು ಮಾತ್ರ ಬಟ್ಟೆಯಿಂದ ಒಂದು ಅಂಗುಲ ಮೇಲೆ, ಮುಟ್ಟದೆ, ಈ ತುದಿಯಿಂದ ಆ ತುದಿಗೆ ಓಡಾಡಿತು. ನಾನು ಉಜ್ಜಿದ ಮೂಲೆಗೆ ಬಂದು ನಿಂತಿತು.

"ಇಲ್ಲಿ ಯಾರು ನೀರು ತೋರ್ಸಿದ್ದು?"

"ಆನೇ," ಎಂದು ಒಪ್ಪಿಕೊಂಡೆ. "ತೊಳದ್ರೆ ಹೋಗ್ತು ಹೇಳಿ ತಿಳ್ಕಂಡಿ."

"ಮಸಿ ಅಂದ್ರೆ ಕೂತ ನೆಂಟ ಇದ್ದಾಂಗೆ. ಕೈ ಹಿಡಿದು ಎಳದ್ರೆ ಮತ್ತೂ ಗಟ್ಟಿ ಕೂತ್ಕತ್ತ. ತಾನಾಗೇ ಏಳಹಂಗೆ ಮಾಡವು."

ಬೈಗುಳ ಅಷ್ಟೇ. ಆಮೇಲೆ ಅವಳು ಎದ್ದು ಹಿತ್ತಿಲ ಬಾಗಿಲ ಅಗುಳಿ ಹಾಕಿದಳು. ಒಳಗಿಂದ ಶೈಲಾ ಏನಾಯಿತೆಂದು ಕೇಳಿದಾಗ, ತಮ ಬಂದಿದ್ದಾನೆ, ನನಗೆ ಅವನ ಹತ್ತಿರ ಕೆಲಸ ಇದೆ, ಸಂಜೆಯವರೆಗೆ ಈ ಕಡೆ ಯಾರೂ ಬರುವುದು ಬೇಡ ಎಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮುಂದಿನ ಎಂಟು ಗಂಟೆ ನಾನು ನೋಡಿದ್ದನ್ನು ನಿಮಗೆ ಸಾವಕಾಶವಾಗಿ ಹೇಳಬೇಕು, ಏಕೆಂದರೆ ಅದು ನಡೆದದ್ದೂ ಹಾಗೆಯೇ. ಮೊದಲು ಬಟ್ಟೆಯನ್ನು ನೆರಳಿನಲ್ಲಿ ಹಗ್ಗದ ಮೇಲೆ ಹಾಕಿ, ದೂರ ನಿಂತು ಬೀಸಣಿಕೆಯಿಂದ ಗಾಳಿ ಹಾಕು ಎಂದಳು. ಕೊಡವಿದರೆ ಬೇಗ ಆಗುತ್ತಲ್ಲ ಎಂದೆ. ಕೊಡವಿದರೆ ಮಸಿ ಇಲ್ಲಿಂದ ಎದ್ದು ಅಲ್ಲಿ ಕೂರುತ್ತದೆ ಎಂದಳು. ಅರ್ಧ ಗಂಟೆ ಗಾಳಿ ಹಾಕಿದೆ. ಸಡಿಲವಾಗಿದ್ದ ಕರಿ ಎಲ್ಲ ನಿಧಾನವಾಗಿ ನೆಲಕ್ಕೆ ಇಳಿಯಿತು. ಆಮೇಲೆ ಹಳೆಯ ಪಂಚೆಯ ಮೇಲೆ ಬಟ್ಟೆ ಹಾಸಿ, ಒಣ ಅಕ್ಕಿಹಿಟ್ಟನ್ನು ರಂಗೋಲಿ ಬಿಟ್ಟಂತೆ ಬೆರಳ ಸಂದಿಯಿಂದ ಉದುರಿಸಿದಳು. ಉದುರಿಸಿ ಸುಮ್ಮನೆ ಕೂತಳು. ನಾನು ಗಡಿಯಾರ ನೋಡಿದೆ. ಹಿಟ್ಟು ಬೂದಿಬಣ್ಣಕ್ಕೆ ತಿರುಗಿದ ಮೇಲೆ ಬಟ್ಟೆಯ ಒಂದು ಅಂಚು ಎತ್ತಿ ಜಾರಿಸಿದಳು. ಮತ್ತೆ ಹೊಸ ಹಿಟ್ಟು, ಮತ್ತೆ ಕಾಯುವುದು. ನಾಲ್ಕು ಸಲ. ನಾಲ್ಕನೆಯ ಸಲ ಹಿಟ್ಟು ಬೆಳ್ಳಗೇ ಉಳಿಯಿತು. ಇನ್ನು ಹಿಟ್ಟಿನ ಕೈಯಲ್ಲಿ ಆಗುವುದು ಇಷ್ಟೇ ಎಂದು ಅರ್ಥ.

ಆಮೇಲೆ ನನ್ನನ್ನು ಅಂಗಳಕ್ಕೆ ಕಳಿಸಿದಳು. ಗಣಪತಿ ಭಟ್ಟರ ಹತ್ತಿರ ಹೋಳಿಗೆಯ ಕಣಕದಲ್ಲಿ ಒಂದು ತೆಂಗಿನಕಾಯಿಯಷ್ಟು ಉಂಡೆ ಬೇಕು, ಎಣ್ಣೆ ಹಾಕುವ ಮೊದಲೇ ತೆಗೆದದ್ದಾಗಬೇಕು. ಭಟ್ಟರು ಸೌಟು ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಣ್ಣೆ ಇಲ್ದ ಕಣಕದಲ್ಲಿ ದೊಡ್ಡಮ್ಮ ಎಂತ ಹೋಳಿಗೆ ಮಾಡ್ತಡ? ಮಾಸ್ತರಿಗೆ ಪಥ್ಯವಾ?"

ಪಥ್ಯವೇ ಎಂದು ಹೇಳಿ ತಂದೆ. ಆ ಉಂಡೆಯನ್ನು ಅವಳು ಇನ್ನಷ್ಟು ಹಿಟ್ಟು ಸೇರಿಸಿ ನಾದಿ, ಕೈಗೆ ಅಂಟದಷ್ಟು ಗಟ್ಟಿ ಮಾಡಿದಳು. ಸಣ್ಣ ಸಣ್ಣ ಉಂಡೆ ಮುರಿದು, ಬಟ್ಟೆಯ ಕಪ್ಪು ಗೆರೆಗಳ ಮೇಲೆ ಇಟ್ಟು, ಒತ್ತಿ, ಎತ್ತಿದಳು. ಒತ್ತಿ, ಎತ್ತಿದಳು. ಉರುಳಿಸಲಿಲ್ಲ, ಎಳೆಯಲಿಲ್ಲ. ಪ್ರತಿ ಸಲವೂ ಬೆತ್ತದ ಗೆರೆ ಸ್ವಲ್ಪ ಕಣಕಕ್ಕೆ ಬಂತು. ಉಂಡೆ ಕಪ್ಪಾದರೆ ಬದಿಗೆ ಇಟ್ಟು ಇನ್ನೊಂದು. ನನಗೂ ಒಂದು ಉಂಡೆ ಕೊಟ್ಟಳು. ನನ್ನ ಒಂಬತ್ತನೆಯ ಒತ್ತಿಗೆ ಮೊಣಕೈ ಹಿಡಿದು ನಿಲ್ಲಿಸಿ, ಇದು ಕವಾಯತು ಅಲ್ಲ ಎಂದಳು. ನಾನು ಗೊತ್ತಿಲ್ಲದೆ ಒಂದು, ಎರಡು, ಮೂರು ಎಂದು ಬಾಯಲ್ಲೇ ಎಣಿಸುತ್ತಿದ್ದೆನಂತೆ.

ಇದ್ದಿಲು ಮಸಿಗೆ ಬುದ್ಧಿ ಹೇಳಿತು ಎಂದು ಗಾದೆ ಇದೆ. ಮಸಿಯನ್ನು ನಾವು ಸುಮ್ಮನೆ ಹಳಿಯುತ್ತೇವೆ. ದೀಪದ ಕುಡಿಯ ಮೇಲೆ ಬಟ್ಟಲು ಕವುಚಿ ಹಿಡಿದ ಮಸಿಯೇ ಹಸುಗೂಸಿನ ಕಣ್ಣಿಗೆ ಕಾಡಿಗೆ, ಕೆನ್ನೆಗೆ ದೃಷ್ಟಿಬೊಟ್ಟು. ಅದನ್ನೇ ಅಂಟಿನಲ್ಲಿ ಅರೆದು ನಮ್ಮ ಹಿರಿಯರು ಕಾಗದದ ಮೇಲೆ ಬರೆದರು. ಆ ಅಕ್ಷರ ಇನ್ನೂ ಮಾಸಿಲ್ಲ. ಅಂದಮೇಲೆ ಮಸಿಯ ಗುಣವೇ ಹಿಡಿದದ್ದನ್ನು ಬಿಡದಿರುವುದು. ಅಂಥ ಹಟಮಾರಿಯನ್ನು ಮುಪ್ಪಿನ ಎರಡು ಕೈ ಗೋಧಿ ಹಿಟ್ಟಿನಿಂದ ಒಲಿಸಿ ಕರೆಯುವುದನ್ನು ನೋಡುತ್ತ, ನನ್ನ ಮೂವತ್ತೊಂದು ವರ್ಷದ ಸೀಟಿ ನೆನಪಾಯಿತು. ನಾನು ಸಾವಿರಾರು ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದವನು. ನಾನು ಕರೆದದ್ದಕ್ಕೆ ಬಂದರು, ನಿಜ. ಆದರೆ ಅವರ ಕಾಲಿಗೆ ಏಳುವ ಮನಸ್ಸು ಬರಲಿ ಎಂದು ಒಂದು ದಿನವಾದರೂ ಕಾದಿದ್ದೆನೇ? ದೊಡ್ಡಮ್ಮನಿಗೆ ಗಡಿಯಾರ ಓದಲು ಬರುವುದಿಲ್ಲ. ಆದರೂ ಅವಳ ಕೆಲಸದಲ್ಲಿ ಇದ್ದ ಕ್ರಮ ನನ್ನ ಯಾವ ವೇಳಾಪಟ್ಟಿಯಲ್ಲೂ ಇರಲಿಲ್ಲ. ನನ್ನ ಶಿಸ್ತು ಗಂಟೆಯನ್ನು ನೋಡುತ್ತದೆ. ಅವಳದು ಬಟ್ಟೆಯನ್ನು ನೋಡುತ್ತದೆ. ಇಷ್ಟು ವಯಸ್ಸಿಗೆ ಇದು ಹೊಳೆಯಿತಲ್ಲ ಎಂದು ಸಂತೋಷಪಡಲೋ, ಇಷ್ಟು ವಯಸ್ಸು ಬೇಕಾಯಿತಲ್ಲ ಎಂದು ನಾಚಲೋ ತಿಳಿಯಲಿಲ್ಲ.

ಮಧ್ಯಾಹ್ನದ ಊಟಕ್ಕೆ ಒಬ್ಬರಾದಮೇಲೆ ಒಬ್ಬರು ಹೋಗಿಬಂದೆವು, ಕಾವಲು ಬದಲಾಯಿಸಿದಂತೆ. ಊಟದ ಸಾಲಿನಲ್ಲಿ ಶೈಲಾ ನನಗೆ ಎರಡು ಹೋಳಿಗೆ ಬಡಿಸಿ, ಅಂತರಪಟ ತಂದಿರಾ ಎಂದು ಕೇಳಿದಳು. ತಂದಿದ್ದೇನೆ, ದೊಡ್ಡಮ್ಮನ ಕೈಯಲ್ಲಿದೆ ಎಂದೆ. ಸಂಜೆ ನೋಡುತ್ತೇನೆ ಎಂದಳು. ಮೂರನೆಯ ಹೋಳಿಗೆ ಬೇಡ ಎಂದೆ.

ನೀರಿಗೆ ಇಳಿಸಿದ್ದು ಎರಡು ಗಂಟೆಯ ಮೇಲೆಯೇ. ಅಂಟುವಾಳದ ಕಾಯಿ ಜಜ್ಜಿ ನೆನೆಸಿ, ನೊರೆ ತೆಗೆದು, ಅಗಲವಾದ ಹರಿವಾಣದಲ್ಲಿ ಬೆಚ್ಚಗೂ ಅಲ್ಲದ ತಣ್ಣಗೂ ಅಲ್ಲದ ನೀರಿಗೆ ಬೆರೆಸಿದಳು. ಬಟ್ಟೆಯನ್ನು ಅಂಗೈ ಮೇಲೆ ಹೊತ್ತು ಒಳಗಿಳಿಸಿ, ಕೂಸಿಗೆ ಎರೆದಂತೆ ಅದ್ದಿ ಎತ್ತಿದಳು. ಹಿಂಡಲಿಲ್ಲ. ನೀರು ಕಂದಾಯಿತು, ಚೆಲ್ಲಿದೆ. ಮತ್ತೆ ಕಂದಾಯಿತು, ಚೆಲ್ಲಿದೆ. ಐದನೆಯ ಸಲ ನೀರಿನ ತಳದಲ್ಲಿ ಹರಿವಾಣದ ತಾಮ್ರ ಕಂಡಿತು. ಕೊನೆಯ ನೀರಿಗೆ ನಾಲ್ಕು ಹನಿ ನಿಂಬೆರಸ ಹಾಕಿದಳು, ಪಟ್ಟೆಗೆ ಹೊಳಪು ಬರಲಿ ಎಂದು. ಪಂಚೆಯಲ್ಲಿ ಸುತ್ತಿ ನೀರು ಹೀರಿಸಿ, ನೆರಳಿಗೆ ಹರಡಿದೆವು. ಹಿಡಿದಿದ್ದ ಹೊಗೆಯ ವಾಸನೆ ಸ್ವಲ್ಪ ಉಳಿದಿದೆಯಲ್ಲ ಎಂದೆ. ಹೋಮದ ಮುಂದೆ ಅದನ್ನು ಯಾರು ಬೇರೆ ಮಾಡಿ ಮೂಸುತ್ತಾರೆ ಎಂದಳು.

ಬಟ್ಟೆ ಒಣಗುತ್ತ ಬಂದಂತೆ ಹಾಲಿನ ಬಣ್ಣವೂ ಹಿಂತಿರುಗುತ್ತ ಬಂತು. ಬೆತ್ತದ ಚಿತ್ರ ಹೋಗಿತ್ತು. ನಾಲ್ಕೂವರೆಗೆ ನೋಡಿದರೆ ಒಂದು ಮೂಲೆಯಲ್ಲಿ ಮಾತ್ರ, ಹಸ್ತದಷ್ಟು ಅಗಲಕ್ಕೆ, ಬೂದುಬಣ್ಣದ ಕಲೆ. ಹೊಗೆ ಮಾಡಿದ್ದೆಲ್ಲ ಹೋಗಿತ್ತು. ನಾನು ಮಾಡಿದ್ದು ಉಳಿದಿತ್ತು.

ಇನ್ನೊಮ್ಮೆ ಅಂಟುವಾಳಕ್ಕೆ ಹಾಕೋಣವೇ ಎಂದೆ. ನೂಲು ಸೋತಿದೆ, ಇನ್ನು ಕೇಳಬಾರದು ಎಂದಳು. ಹಾಗಾದರೆ ಆ ಜಾಗದಲ್ಲಿ ಕುಂಕುಮದ ಸ್ವಸ್ತಿಕ ಬರೆದುಬಿಟ್ಟರೆ ಹೇಗೆ, ಕಲೆ ಮುಚ್ಚಿಹೋಗುತ್ತದೆ ಎಂದೆ. ನನ್ನ ಜಾಣತನದ ಬಗ್ಗೆ ಆ ದಿನ ಮೊದಲ ಬಾರಿಗೆ ಸ್ವಲ್ಪ ನಂಬಿಕೆ ಬಂದಿತ್ತು.

"ತಪ್ಪಿನ ಮೇಲೆ ಕುಂಕುಮ ಹಚ್ಚಲಾಗ, ತಮಾ," ಎಂದಳು. "ಮಾಡಿದವನ ಕೈಯಲ್ಲೇ ಇರ್ಲಿ ಅದು. ಶನಿವಾರ ಈ ಮೂಲೆ ಹಿಡಿಯವನು ನೀನು. ಮುಹೂರ್ತ ಅಪ್ಪಲ್ಲಿವರೆಗೆ ಮುಷ್ಟಿ ಬಿಡಲಾಗ, ಬದಲು ಕೈ ಮಾಡಲಾಗ. ಮಕ್ಕಳನ್ನೆಲ್ಲ ಅಲ್ಲಾಡದೆ ನಿಲ್ಸಿದ್ಯಲ, ಈಗ ನೀನು ನಿಲ್ಲು."

ತಂಬಿಗೆಗೆ ಕೆಂಡ ತುಂಬಿ ಅವಳು ಇಸ್ತ್ರಿ ಮಾಡಿದಳು. ನಡುವೆ ಒಂದು ತೆಳು ಪಂಚೆ ಇಟ್ಟಿದ್ದಳು. ಮುಗಿದ ಮೇಲೆ ಹಿತ್ತಿಲಿನಲ್ಲೇ ನನಗೆ ತಾಲೀಮು. ಅವಳು ಒಂದು ಕಡೆ, ನಾನು ಒಂದು ಕಡೆ, ನಡುವೆ ಸೀರೆ. ಮೂಲೆಯನ್ನು ಎರಡು ಮಡಿಕೆ ಮಾಡಿ ಮುಷ್ಟಿಯೊಳಗೆ ಸೇರಿಸಿದರೆ ಕಲೆ ಪೂರ್ತಿ ಒಳಗೆ. ಹೆಬ್ಬೆರಳು ಮೇಲೆ ಇರಬೇಕು. ತೋಳು ಇಳಿಯಬಾರದು. ಮಂಗಳಾಷ್ಟಕ ಉದ್ದವಾದರೂ, ಪುರೋಹಿತರು ಕೆಮ್ಮಿ ನಿಲ್ಲಿಸಿದರೂ, ಯಾರಾದರೂ ಪಾಪ ಮಾಸ್ತರಿಗೆ ವಯಸ್ಸಾಯಿತು, ನಾನು ಹಿಡಿಯುತ್ತೇನೆ ಎಂದು ಬಂದರೂ ಬಿಡಬಾರದು. ಹತ್ತು ನಿಮಿಷ ನಿಲ್ಲಿಸಿದಳು. ಹೆಗಲು ನೋಯುತ್ತಿತ್ತು. ಹೇಳಲಿಲ್ಲ. ಅವಳ ತೋಳೂ ಮೇಲೆಯೇ ಇತ್ತು.

ಆಗ ಅಗುಳಿ ತೆಗೆದು ಶೈಲಾಳನ್ನೂ ನಾಗವೇಣಿಯನ್ನೂ ಕರೆದಳು. ನಾವಿಬ್ಬರೂ ಹಾಗೇ ಹಿಡಿದು ನಿಂತಿದ್ದೆವು. ಸಂಜೆಯ ಬಿಸಿಲು ಹಿಂದಿನಿಂದ ಬಿದ್ದು ಪಟ್ಟೆ ಬೆಣ್ಣೆಯಂತೆ ಕಾಣುತ್ತಿತ್ತು. ನಾಗವೇಣಿ ಆ ಕಡೆಗೆ ಹೋಗಿ ನಿಂತು, ಇಲ್ಲಿಂದ ಯಾರೂ ಕಾಣುವುದಿಲ್ಲ ಎಂದು ನಕ್ಕಳು. ಶೈಲಾ ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು, ನನ್ನ ಮುಷ್ಟಿಯನ್ನೂ ಒಂದು ಕ್ಷಣ ನೋಡಿದಳು. ಮಣಿಯ ಗಣಪತಿಯ ಹೊಸ ಪರದೆಯನ್ನು ಮಂಟಪದ ಹಿಂದೆ ಕಟ್ಟಿದರೆ ಚೆನ್ನಾಗಿ ಕಾಣುತ್ತದೆ, ಇದೇ ಇರಲಿ ಎಂದು ಹೇಳಿ ಒಳಗೆ ಹೋದಳು. ದೊಡ್ಡಮ್ಮ ಆಗ ತೋಳು ಇಳಿಸಿದಳು. ಬೆಳಗಿನಿಂದ ಮೊದಲ ಸಲ ಅವಳ ಬೆನ್ನು ಗೋಡೆಗೆ ಒರಗಿತು.

ಬಟ್ಟೆಯನ್ನು ಕಲೆ ಒಳಗೆ ಬರುವಂತೆ ಮಡಚಿ, ಈ ಸಲ ಅವಳ ಟ್ರಂಕಿಗೇ ಸೇರಿಸಿ, ಹೊರಡುತ್ತೇನೆ ಎಂದು ಕೈಮುಗಿದೆ. ಅವಳು ಮುಗಿದ ಕೈಯನ್ನೇ ಹಿಡಿದು ಬೆಳಕಿಗೆ ತಿರುಗಿಸಿದಳು.

"ಶನಿವಾರ ಎಲ್ಲರ ಕಣ್ಣಿಗೆ ಬೀಳದು ಈ ಮುಷ್ಟಿ. ಉಗುರು ನೋಡ್ಕ."

ಹತ್ತೂ ಉಗುರಿನ ಸಂದಿಯಲ್ಲಿ ಮಸಿ. ನೆನೆಸಿಟ್ಟದ್ದರಲ್ಲಿ ಉಳಿದಿದ್ದ ಅಂಟುವಾಳದ ನೀರನ್ನು ಹರಿವಾಣಕ್ಕೆ ಸುರಿದು ನನ್ನ ಮುಂದೆ ಸರಿಸಿದಳು. ನಾನು ಅಭ್ಯಾಸಬಲದಿಂದ ಬ್ರಶ್ಶು ಎಲ್ಲಿದೆ ಎಂದು ಅತ್ತಿತ್ತ ನೋಡಿದೆ, ಆಮೇಲೆ ಕೈಗಳನ್ನು ನೀರಿನಲ್ಲಿ ಇಳಿಸಿ ಸುಮ್ಮನೆ ಕೂತೆ. ಯಲ್ಲಾಪುರದ ಸಂಜೆಯ ಬಸ್ಸು ತಪ್ಪಿತು. ಆರು ಐವತ್ತಕ್ಕೆ ಎಡಗೈಯ ಕಿರುಬೆರಳ ಉಗುರು ಬೆಳ್ಳಗಾಯಿತು. ಅದು ಕೊನೆಯದು.